ಉಸಿರಿನ ವೇಳಾಪಟ್ಟಿ

ಅಲ್ಲಿ ಹುಲ್ಲನ್ನು ಕೈಯಲ್ಲೇ ಕೊಯ್ಯಬೇಕು. ಯಂತ್ರ ತರುವಂತಿಲ್ಲ. ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ನಿನಲ್ಲಿ ಕಿಡಿ ಹಾರುತ್ತದೆ. ಆ ಕಿಡಿಯಿಂದ ರೇಡಿಯೋ ಅಲೆ ಏಳುತ್ತದೆ. ಆ ಅಲೆ ಅಲ್ಲಿನ ರೇಡಿಯೋ ದೂರದರ್ಶಕಕ್ಕೆ ತಾಗಿದರೆ ಆಕಾಶದಿಂದ ಬರುವ ಸಣ್ಣ ಅಲೆ ಅದರಡಿ ಮುಚ್ಚಿಹೋಗುತ್ತದೆ. ಇದು ಸಾಹೇಬರು ಹೇಳುವ ಮಾತು, ಸುಳ್ಳೇನಲ್ಲ. ಆದ್ದರಿಂದ ಹನ್ನೆರಡು ಹೆಂಗಸರು ಕುಡುಗೋಲು ಹಿಡಿದು, ಸೊಂಟ ಬಗ್ಗಿಸಿ, ಮೂವತ್ತು ಎಕರೆ ಹುಲ್ಲು ಕೊಯ್ಯುತ್ತಾರೆ. ಒಂದು ತುದಿ ಮುಗಿಯುವಷ್ಟರಲ್ಲಿ ಇನ್ನೊಂದು ತುದಿ ಮೊಣಕಾಲೆತ್ತರ ಬೆಳೆದಿರುತ್ತದೆ. ಸೊಂಟದಿಂದ ಯಾವ ಅಲೆಯೂ ಏಳುವುದಿಲ್ಲವಾದ್ದರಿಂದ ಅದರ ಬಗ್ಗೆ ಯಾರೂ ಏನೂ ಬರೆದಿಟ್ಟಿಲ್ಲ.

ಆ ಹನ್ನೆರಡು ಮಂದಿಯಲ್ಲಿ ಹಿರಿಯವಳಿಗೆ ಎಲ್ಲರೂ ಹುಲ್ಲಕ್ಕ ಅನ್ನುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ಅದು ಅವಳಿಗೇ ಮರೆತುಹೋಗುವಷ್ಟು ವರ್ಷವಾಗಿತ್ತು. ಅವಳ ಗಂಡ ಪೇಂಟರ್. ಗೋಡೆ ಬಾಗಿಲಿಗೆ ಬಳಿಯುವ ಪೇಂಟರ್ ಅಲ್ಲ, ದೂರದರ್ಶಕಕ್ಕೆ ಬಳಿಯುವವನು. ಕೆಲಸದವರು ಅದನ್ನು ಬೋಗುಣಿ ಎಂದು ಕರೆಯುತ್ತಿದ್ದರು. ಅಂಥ ಐದು ಬೋಗುಣಿಗಳು ಆಕಾಶಕ್ಕೆ ಬಾಯಿ ತೆರೆದು ನಿಂತಿದ್ದವು. ಒಂದೊಂದರಲ್ಲೂ ಒಂದು ಮದುವೆ ಊಟ ನಡೆಸಬಹುದಾಗಿತ್ತು. ಹಳೇ ಬಿಳಿ ಬಣ್ಣವನ್ನು ತಂತಿ ಬ್ರಷ್ಷಿನಿಂದ ಕೆರೆದು, ಉಪ್ಪುಕಾಗದದಿಂದ ತಿಕ್ಕಿ, ಹೊಸದನ್ನು ಹೊಡೆಯಬೇಕು. ಬೋಗುಣಿಯೊಳಗೆ ಗಾಳಿ ಆಡುವುದಿಲ್ಲ, ಎದ್ದ ಪುಡಿ ಅಲ್ಲೇ ಸುತ್ತುತ್ತದೆ. ಮೂಗಿಗೆ ಕಟ್ಟಿಕೊಳ್ಳಲು ಪೇಂಟರಿಗೆ ಇದ್ದದ್ದು ಹೆಂಡತಿಯ ಹಳೇ ಸೀರೆಯ ತುಂಡು. ಇಪ್ಪತ್ತು ವರ್ಷ ಹಾಗೆ ಕೆರೆದ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಇವನ ಕೈ ಬಿಳಿಯಾಯಿತು, ಕೂದಲು ಬಿಳಿಯಾಯಿತು, ಎದೆಯೊಳಗೂ ಬಿಳಿಯಾಯಿತು. ಮೊಸರು ಯಾರ ಬಾಯಿಗೆ ಹೋಯಿತೋ ಗೊತ್ತಿಲ್ಲ. ಇಪ್ಪತ್ತು ವರ್ಷ ತುಂಬಿದ ದಿನ ಸಂಸ್ಥೆಯವರು ಅವನಿಗೆ ಒಂದು ಗೋಡೆ ಗಡಿಯಾರ ಕೊಟ್ಟರು.

ಮಾರನೇ ವರ್ಷ ಅವನಿಗೆ ಏಣಿ ಹತ್ತಲಾಗಲಿಲ್ಲ. ಅದರ ಮಾರನೇ ವರ್ಷ ಮನೆಯ ಎರಡು ಮೆಟ್ಟಿಲು ಹತ್ತಲಾಗಲಿಲ್ಲ. ಪಟ್ಟಣದ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಎದೆಯೊಳಗೆಲ್ಲ ಪುಡಿ ಕೂತಿದೆ ಎಂದರು. ಆಮೇಲೆ ಒಂದು ಮಿಷನ್ನು ಕೊಟ್ಟು ಕಳಿಸಿದರು. ನಮ್ಮ ಸುತ್ತಲಿನ ಗಾಳಿಯನ್ನೇ ಎಳೆದುಕೊಂಡು, ಅದರಿಂದ ಆಮ್ಲಜನಕ ಸೋಸಿ, ಕೊಳವೆಯಲ್ಲಿ ಮೂಗಿಗೆ ಬಿಡುವ ಮಿಷನ್ನು. ಟ್ರಂಕಿನಷ್ಟು ದೊಡ್ಡದು, ಕೆಳಗೆ ಗಾಲಿಯಿತ್ತು. ಹಗಲೂ ಇರುಳೂ ಓಡುತ್ತಿರಬೇಕು, ನಿಲ್ಲಿಸಬಾರದು ಎಂದರು ಡಾಕ್ಟರು.

ಅದು ಮನೆಗೆ ಬಂದ ನಾಲ್ಕನೇ ದಿನ ಮೂಸುವ ವ್ಯಾನು ಬಂತು.

ಆ ವ್ಯಾನಿನ ತಲೆ ಮೇಲೆ ಕಡ್ಡಿಗಳಿದ್ದವು. ಎಲ್ಲಿಂದ ಕಳ್ಳ ಅಲೆ ಬರುತ್ತಿದೆ ಎಂದು ಮೂಸಿಕೊಂಡು ಹೋಗಿ ಹಿಡಿಯುವುದು ಅದರ ಕೆಲಸ. ಅದರೊಳಗೆ ಕೂತು ಬರುವ ಅಧಿಕಾರಿಗೆ ಕೆಲಸದವರ ಸಾಲುಮನೆಗಳಲ್ಲಿ ಸದ್ದಿನ ಸಾಹೇಬ ಎಂದು ಹೆಸರು. ಅವನು ಹಿಂದೆ ಯಾರದೋ ಮಿಕ್ಸರು ಎತ್ತಿಕೊಂಡು ಹೋಗಿದ್ದ, ಯಾರದೋ ಮಗುವಿನ ಆಟದ ಕಾರು ಎತ್ತಿಕೊಂಡು ಹೋಗಿದ್ದ. ಮೊಬೈಲಂತೂ ಸಂಸ್ಥೆಯ ಬೇಲಿಯೊಳಗೆ ಯಾರೂ ಕಂಡವರಿಲ್ಲ. ಈಗ ಹುಲ್ಲಕ್ಕನ ಬಾಗಿಲಲ್ಲಿ ನಿಂತು, ಈ ಮಿಷನ್ನಿನ ಮೋಟಾರು ಬಹಳ ಗಲಾಟೆ ಮಾಡುತ್ತಿದೆ, ಇದನ್ನು ಇಲ್ಲಿ ಇಡುವ ಹಾಗಿಲ್ಲ, ಬೇಲಿಯಾಚೆ ಎಲ್ಲಾದರೂ ಮನೆ ನೋಡಿಕೊಳ್ಳಿ ಎಂದ. ಬೇಲಿಯಾಚೆ ಒಂಬತ್ತು ಮೈಲಿ ಬರೀ ಬಯಲು. ಸಾಲುಮನೆ ಬಿಟ್ಟರೆ ಕೆಲಸವೂ ಬಿಟ್ಟಂತೆ.

ಹುಲ್ಲಕ್ಕ ದೊಡ್ಡ ಸಾಹೇಬರ ಬಳಿ ಹೋದಳು. ಅವರ ಕಟ್ಟಡದಲ್ಲಿ ಒಂದು ಕೋಣೆಯಿತ್ತು. ಅದರ ನಾಲ್ಕು ಗೋಡೆಗೂ, ಸೂರಿಗೂ, ಬಾಗಿಲಿಗೂ ತಾಮ್ರದ ತಂತಿಯ ಜಾಲರಿ ಹೊಡೆದಿದ್ದರು. ಅದರೊಳಗೆ ಎಂಥ ಗಲಾಟೆ ಮಾಡಿದರೂ ಅಲೆ ಹೊರಗೆ ಬರುವುದಿಲ್ಲವಂತೆ. ಸಾಹೇಬರ ಕಾಫಿ ಮಿಷನ್ನು, ಊಟ ಬಿಸಿ ಮಾಡುವ ಪೆಟ್ಟಿಗೆ ಎಲ್ಲ ಅದರಲ್ಲೇ ಇದ್ದವು. ಇವಳು ವಾರಕ್ಕೊಮ್ಮೆ ಆ ಕಟ್ಟಡದ ಹಿತ್ತಲು ಸವರಲು ಹೋಗುವಾಗ ಕಿಟಕಿಯಿಂದ ನೋಡಿದ್ದಳು. ಅಂಥದೇ ಜಾಲರಿ ನಮ್ಮ ಒಂದು ಕೋಣೆಗೆ ಹೊಡೆಸಿಕೊಡಿ, ಹತ್ತಡಿ ಕೋಣೆ ಅಷ್ಟೆ ಎಂದು ಕೈಮುಗಿದಳು. ಅದಕ್ಕೆ ಅವಕಾಶವಿಲ್ಲ ಎಂದರು ದೊಡ್ಡ ಸಾಹೇಬರು. ಕಾಫಿಗೆ ಅವಕಾಶವಿತ್ತು, ಉಸಿರಿಗೆ ಇರಲಿಲ್ಲ. ಆದರೆ ಅವರು ಒಳ್ಳೆಯವರೆಂದು ಹೆಸರು ಪಡೆದವರು. ಬರಿಗೈಯಲ್ಲಿ ಕಳಿಸಲಿಲ್ಲ, ಒಂದು ಕಾಗದ ಕೊಟ್ಟು ಕಳಿಸಿದರು.

ಅದೊಂದು ವೇಳಾಪಟ್ಟಿ. ದೂರದರ್ಶಕ ಆಗ ದಿನವೂ ಒಂದೇ ನಕ್ಷತ್ರವನ್ನು ನೋಡುತ್ತಿತ್ತು. ಅದನ್ನು ನೋಡುವ ಹೊತ್ತಿನಲ್ಲಿ ಮಿಷನ್ನು ನಿಲ್ಲಿಸಿರಬೇಕು, ಉಳಿದ ಹೊತ್ತು ಓಡಿಸಬಹುದು. ಹಗಲು ಹತ್ತರಿಂದ ಮೂರು; ಅಲೆ ಹಿಡಿಯುವ ಬೋಗುಣಿಗೆ ಹಗಲಲ್ಲೂ ನಕ್ಷತ್ರ ಸಿಗುತ್ತದೆ. ಆ ಐದು ಗಂಟೆಗೆ ಸಿಲಿಂಡರು ಕೊಡಿಸುತ್ತೇವೆ ಎಂದರು. ಒಂದು ಸಿಲಿಂಡರು ಬಂತು, ಎರಡು ದಿನಕ್ಕೆ ಬರಿದಾಯಿತು. ಎರಡನೆಯದು ಯಾವುದೋ ಮೇಜಿನ ಮೇಲೆ ಯಾರದೋ ಸಹಿಗಾಗಿ ಕಾಯುತ್ತಾ ಉಳಿಯಿತು.

ಕಾಗದದ ಮೂಲೆಯಲ್ಲಿ, ಅಂಕಿಗಳ ಪಕ್ಕ, ಸಣ್ಣದಾಗಿ ಮೂರು ಇಂಗ್ಲಿಷ್ ಅಕ್ಷರಗಳಿದ್ದವು. ಅದೇನು ಎಂದು ಹುಲ್ಲಕ್ಕ ಗುಮಾಸ್ತನನ್ನು ಕೇಳಿದಳು.

"ಅದು ಆಫೀಸಿನವರಿಗೆ. ನೀನು ನಂಬರ್ ನೋಡ್ಕೋ, ಸಾಕು," ಎಂದ ಗುಮಾಸ್ತ.

ಅವಳು ನಂಬರು ನೋಡಿಕೊಂಡಳು. ಬೆಳಿಗ್ಗೆ ಆರಕ್ಕೆ ಹುಲ್ಲಿಗೆ ಹೋಗುವುದು, ಹತ್ತಕ್ಕೆ ಓಡಿ ಬಂದು ಮಿಷನ್ನು ನಿಲ್ಲಿಸುವುದು. ಮೂರರ ತನಕ ಗಂಡನ ಬೆನ್ನ ಹಿಂದೆ ತನ್ನ ಬೆನ್ನು ಕೊಟ್ಟು ಕೂರುವುದು. ಮಲಗಿದರೆ ಅವನಿಗೆ ಉಸಿರು ಕಟ್ಟುತ್ತಿತ್ತು, ಎರಡು ಬೆನ್ನು ತಾಗಿಸಿ ಕೂತರೆ ಸ್ವಲ್ಪ ಹಗುರ. ಮೂರಕ್ಕೆ ಮಿಷನ್ನು ಹಾಕಿ ಮತ್ತೆ ಹುಲ್ಲಿಗೆ. ಬೆನ್ನಿಗೆ ಬೆನ್ನು ಕೊಟ್ಟು ಕೂತಾಗ ಅವನ ಒಂದೊಂದು ಉಸಿರೂ ಅವಳ ಮೂಳೆಗೆ ಗೊತ್ತಾಗುತ್ತಿತ್ತು. ಅವನು ಅಂಥ ಹೊತ್ತಿನಲ್ಲೂ ತಮಾಷೆ ಬಿಡಲಿಲ್ಲ. ಇವ್ಳೇ, ಆ ನಕ್ಷತ್ರಕ್ಕೆ ಇಷ್ಟು ವರ್ಷ ಮುಖಕ್ಕೆ ಪೌಡರ್ ಹಚ್ಚಿ ಕನ್ನಡಿ ಹಿಡಿದವನು ನಾನು, ಈಗ ನನ್ನ ಕಂಡರೆ ನಾಚಿಕೊಳ್ಳುತ್ತೆ ನೋಡು ಎನ್ನುತ್ತಿದ್ದ. ಅಷ್ಟು ಹೇಳಲು ಅವನಿಗೆ ನಾಲ್ಕು ಸಲ ನಿಲ್ಲಬೇಕಾಗುತ್ತಿತ್ತು.

ಮೊದಲ ಎರಡು ವಾರ ಯಾರೂ ಬರಲಿಲ್ಲ. ತಿಂಗಳು ತುಂಬುವಾಗ ವ್ಯಾನು ಬಂತು. ಸದ್ದಿನ ಸಾಹೇಬ ಸಾಲುಮನೆಯ ಎಲ್ಲರೂ ನೋಡುವ ಹಾಗೆ ಅವಳನ್ನು ಬೀದಿಗೆ ಕರೆದು ನಿಲ್ಲಿಸಿಕೊಂಡ. ಬೆಳಿಗ್ಗೆ ನೋಡುವ ಹೊತ್ತಿನಲ್ಲೇ ಮಿಷನ್ನು ಓಡುತ್ತಿದೆ, ವಾರದಿಂದ ದಾಖಲೆಯಾಗಿದೆ, ಮೂರು ದೇಶದ ವಿಜ್ಞಾನಿಗಳ ಕೆಲಸ ಹಾಳಾಗಿದೆ ಎಂದ. ಕೊಟ್ಟ ಟೈಮಿಗೆ ನಿಲ್ಲಿಸ್ತಿದ್ದೀಯಾ ಎಂದು ಕೇಳಿದ. ಕೊಟ್ಟ ಟೈಮಿಗೇ ನಿಲ್ಲಿಸುತ್ತಿದ್ದೇನೆ ಎಂದಳು ಹುಲ್ಲಕ್ಕ. ಯಾವ ಗಡಿಯಾರ ನೋಡಿ ಎಂದು ಅವನು ಕೇಳಲಿಲ್ಲ.

"ನಿನ್ ಗಂಡನ ಮೇಲೆ ನಿಂಗೆ ಪ್ರೀತಿ ಇರತ್ತೆ, ಒಪ್ಕೋತೀನಿ. ಹಂಗಂತ ಸುಳ್ಳು ಹೇಳ್ಬೇಡ," ಎಂದ. "ಮಿಷನ್ ಸುಳ್ಳು ಹೇಳಲ್ಲಮ್ಮ. ಮನುಷ್ರು ಹೇಳ್ತಾರೆ."

ಅಕ್ಕಪಕ್ಕದವರು ತಲೆ ತಗ್ಗಿಸಿದರು. ಒಬ್ಬಿಬ್ಬರು ಅವಳನ್ನು ಓರೆಗಣ್ಣಿನಿಂದ ನೋಡಿದರು. ಇವಳಿಂದ ಎಲ್ಲರ ಮನೆಗೂ ಕುತ್ತು ಬರುತ್ತದೆ ಎಂದು ಯಾರೋ ಗೊಣಗಿದ್ದು ಅವಳ ಕಿವಿಗೂ ಬಿತ್ತು. ಹುಲ್ಲಕ್ಕ ಇಪ್ಪತ್ತೆರಡು ವರ್ಷದಲ್ಲಿ ಒಂದು ಹಿಡಿ ಹುಲ್ಲನ್ನೂ ಮನೆಗೆ ಒಯ್ದವಳಲ್ಲ. ಒಳಗೆ ಹೋಗಿ ಗೋಡೆ ಗಡಿಯಾರವನ್ನು ಆಫೀಸಿನ ಸೈರನ್ನಿಗೆ ತಾಳೆ ನೋಡಿದಳು. ಸರಿಯಾಗಿತ್ತು. ಆದರೂ ಯಾಕೆ ಬೇಕು ಎಂದು ಮಾರನೇ ದಿನದಿಂದ ಒಂಬತ್ತೂವರೆಗೇ ನಿಲ್ಲಿಸಿ, ಮೂರೂವರೆಗೆ ಹಾಕತೊಡಗಿದಳು. ಸಾಹೇಬ ಮತ್ತೆ ಬಂದ. ಇನ್ನೊಂದು ದಿನ ಕಂಡರೆ ಮಿಷನ್ನೇ ಎತ್ತಿಕೊಂಡು ಹೋಗುತ್ತೇವೆ ಎಂದ. ಅವಳು ಒಂಬತ್ತಕ್ಕೆ ನಿಲ್ಲಿಸಿ ನಾಲ್ಕಕ್ಕೆ ಹಾಕತೊಡಗಿದಳು. ಬಡವನ ಸಿಟ್ಟು ದವಡೆಗೆ ಮೂಲ ಎಂದು ಅವಳ ಅಮ್ಮ ಹೇಳಿಕೊಟ್ಟಿದ್ದಳು. ಅವಳು ದವಡೆ ಕಚ್ಚಿ ಹಿಡಿದು ಕೂತಳು.

ವೇಳಾಪಟ್ಟಿ ಬಂದು ಆರು ವಾರವಾದ ದಿನ, ಮಧ್ಯಾಹ್ನ ಒಂದು ಗಂಟೆಗೆ, ಪೇಂಟರನ ತುಟಿ ನೀಲಿಯಾಯಿತು. ಉಗುರೂ ನೀಲಿಯಾಯಿತು. ಅವನು ಮಿಷನ್ನಿನ ಕಡೆ ಕೈ ತೋರಿಸಿದ. ಅವಳು ಗಡಿಯಾರ ನೋಡಿದಳು.

"ಇನ್ನೊಂದು ಸ್ವಲ್ಪ ತಡ್ಕೊಳ್ಳಿ. ಈಗ ಹಾಕಿದ್ರೆ ಅವ್ರು ಎತ್ಕೊಂಡೇ ಹೋಗ್ತಾರೆ. ಆಮೇಲೆ ರಾತ್ರಿಗೂ ಇರಲ್ಲ."

ಅವನು ತಲೆಯಾಡಿಸಿದ. ಅವನಿಗೂ ಅದು ಸರಿಯೆನಿಸಿತು. ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಅವಳು ಅವನ ಉಸಿರಿನ ಜೊತೆ ತಾನೂ ಉಸಿರು ಎಳೆಯುತ್ತಿದ್ದಳು, ತಾನು ಎಳೆದದ್ದರಲ್ಲಿ ಸ್ವಲ್ಪ ಅವನಿಗೂ ಸಿಗುವ ಹಾಗೆ. ಎರಡು ಗಂಟೆ ದಾಟಿತು. ಎರಡೂ ಕಾಲಿನ ಹೊತ್ತಿಗೆ ಅವನು ಇವ್ಳೇ ಎಂದ. ಆಮೇಲೆ ಅವಳ ಬೆನ್ನಿನ ಮೇಲಿನ ಭಾರ ಬೇರೆ ಥರ ಆಯಿತು. ಅವಳು ತಿರುಗದೆ ಬಹಳ ಹೊತ್ತು ಹಾಗೇ ಕೂತಿದ್ದಳು. ತಿರುಗಿದರೆ ಅವನು ಬಿದ್ದುಬಿಡುತ್ತಾನೆಂದು ಗೊತ್ತಿತ್ತು. ಮಣ್ಣು ಮಾಡಿ ಬಂದ ಮೇಲೂ ಅವಳು ಅಳಲಿಲ್ಲ.

ಐದನೇ ದಿನ ದೊಡ್ಡ ಸಾಹೇಬರಿಂದ ಕರೆ ಬಂತು. ಅವರ ಕೋಣೆಗೆ ಹೋಗಬೇಕಾದರೆ ದೂರದರ್ಶಕ ನಡೆಸುವ ಹಾಲ್ ದಾಟಬೇಕು. ಹುಲ್ಲು ಕೊಯ್ಯುವವರಿಗೆ ಅಲ್ಲಿ ಪ್ರವೇಶವಿಲ್ಲ, ಅವಳು ಒಳಗೆ ಕಾಲಿಟ್ಟದ್ದೇ ಮೊದಲು. ಚಪ್ಪಲಿ ಹೊರಗೆ ಬಿಟ್ಟು, ಗೋಡೆ ಬದಿ ನಿಂತಳು. ಸಾಲಾಗಿ ಪರದೆಗಳು. ಅವುಗಳ ಮುಂದೆ ಆಪರೇಟರ್ ಒಬ್ಬನೇ ಕೂತಿದ್ದ. ಬೋಗುಣಿಗಳನ್ನು ತಿರುಗಿಸುವವನು ಅವನು, ಪೇಂಟರಿಗೆ ಚೆನ್ನಾಗಿ ಪರಿಚಯ. ಅವನು ಎದ್ದು ಕುರ್ಚಿ ಕೊಟ್ಟ. ಅವಳು ಕೂರಲಿಲ್ಲ. ಎದುರು ಗೋಡೆಯ ಮೇಲೆ ಎರಡು ಗಡಿಯಾರಗಳಿದ್ದವು. ಒಂದರಲ್ಲಿ ಹತ್ತೂವರೆ. ಇನ್ನೊಂದರಲ್ಲಿ ಒಂದೂವರೆ ದಾಟಿತ್ತು. ಯಾವುದು ಕೆಟ್ಟಿದೆ ಎಂದು ಸುಮ್ಮನೆ, ಮಾತಿಗೆ ಕೇಳಿದಳು.

ಆಪರೇಟರಿಗೆ ಏನಾದರೂ ಮಾತಾಡಲು ಸಿಕ್ಕಿತಲ್ಲ ಎಂದು ಸಮಾಧಾನವಾಯಿತು. ಯಾವುದೂ ಕೆಟ್ಟಿಲ್ಲ ಅಕ್ಕ ಎಂದು ವಿವರಿಸಿದ. ಒಂದು ನಮ್ಮ ನಿಮ್ಮ ಟೈಮು, ಸೂರ್ಯನದು. ಇನ್ನೊಂದು ನಕ್ಷತ್ರದ ಟೈಮು. ನಕ್ಷತ್ರ ದಿನಾ ಹಿಂದಿನ ದಿನಕ್ಕಿಂತ ನಾಲ್ಕು ನಿಮಿಷ ಮುಂಚೆ ಹುಟ್ಟುತ್ತೆ, ಅದಕ್ಕೆ ಈ ಗಡಿಯಾರ ದಿನಾ ನಾಲ್ಕು ನಿಮಿಷ ಮುಂದೆ ಓಡುತ್ತೆ. ವರ್ಷಕ್ಕೊಂದು ಸಲ ಎರಡೂ ಒಂದೇ ಆಗುತ್ತೆ. ಈಗ್ಗೆ ಒಂದೂವರೆ ತಿಂಗಳ ಹಿಂದೆ ಒಂದೇ ಇತ್ತು ನೋಡಿ ಎಂದ.

ಹುಲ್ಲಕ್ಕ ಸೆರಗಿನ ಗಂಟು ಬಿಚ್ಚಿ ಕಾಗದ ತೆಗೆದಳು. ಮಡಿಕೆಯಲ್ಲಿ ಹರಿದಿತ್ತು. ಮೂಲೆಯ ಮೂರು ಅಕ್ಷರದ ಮೇಲೆ ಬೆರಳಿಟ್ಟಳು.

"ಇದು ಯಾವ ಟೈಮು?"

ಆಪರೇಟರ್ ಕಾಗದ ನೋಡಿದ. ಅವಳ ಮುಖ ನೋಡಿದ. ಮತ್ತೆ ಕಾಗದ ನೋಡಿದ.

"ನಕ್ಷತ್ರದ್ದು. ನಿಮಗೆ ಯಾರೂ ಹೇಳ್ಲಿಲ್ವಾ ಅಕ್ಕ?"

"ಇವ್ರು ಹೋದ ದಿನ ಬೋಗುಣಿ ಎಷ್ಟೊತ್ತಿಗೆ ಮುಗಿಸ್ತು? ನಮ್ಮ ಟೈಮಲ್ಲಿ ಹೇಳು."

ಅವನು ಪರದೆಯ ಕಡೆ ತಿರುಗಿ ಏನೋ ಒತ್ತಿದ. ಹೇಳದೆ ಇರಬಹುದಿತ್ತು, ಆದರೆ ಹೇಳಿದ. ಹನ್ನೆರಡು ಗಂಟೆ ಹನ್ನೆರಡು ನಿಮಿಷ. ದಿನಕ್ಕೆ ನಾಲ್ಕು ನಿಮಿಷದಂತೆ ಆರು ವಾರದಲ್ಲಿ ನಕ್ಷತ್ರದ ಮೂರು ಗಂಟೆ ಅಷ್ಟು ಹಿಂದಕ್ಕೆ ಸರಿದಿತ್ತು.

ಎರಡೂ ಕಾಲಿಗೆ ಅವನು ಸತ್ತಿದ್ದ. ಎರಡು ಗಂಟೆಗಿಂತ ಹೆಚ್ಚು ಹೊತ್ತು ಆ ಬೋಗುಣಿಗಳು ಯಾವುದನ್ನೂ ನೋಡದೆ ಸುಮ್ಮನೆ ಆಕಾಶ ನೋಡಿಕೊಂಡು ನಿಂತಿದ್ದವು. ಮಿಷನ್ನು ಅವಳ ಕೈಯಳತೆಯಲ್ಲಿತ್ತು. ಅವನು ಕೈ ತೋರಿಸಿದ್ದ. ತಡ್ಕೊಳ್ಳಿ ಎಂದಿದ್ದಳು. ಬೆಳಿಗ್ಗೆ ಅವಳು ಸುಳ್ಳಿ ಎನಿಸಿಕೊಂಡದ್ದೂ ಇದೇ ಕಾಗದದಿಂದ, ಮಧ್ಯಾಹ್ನ ಗಂಡನನ್ನು ಉಸಿರುಗಟ್ಟಿಸಿದ್ದೂ ಇದೇ ಕಾಗದದಿಂದ. ಗುಮಾಸ್ತನಿಗೆ ಗೊತ್ತಿತ್ತು, ಸದ್ದಿನ ಸಾಹೇಬನಿಗೆ ಗೊತ್ತಿತ್ತು, ಇಲ್ಲಿ ಕಾಫಿ ಕುಡಿಯುವ ಪ್ರತಿಯೊಬ್ಬನಿಗೂ ಗೊತ್ತಿತ್ತು. ಹುಲ್ಲು ಕೊಯ್ಯುವವಳ ಮನೆಯಲ್ಲಿ ನಕ್ಷತ್ರದ ಗಡಿಯಾರ ಇರುವುದಿಲ್ಲ ಎಂಬುದು ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ.

ದೊಡ್ಡ ಸಾಹೇಬರು ಮೆತ್ತಗೆ ಮಾತಾಡಿದರು. ಪೇಂಟರ್ ಒಳ್ಳೆಯ ಕೆಲಸಗಾರ ಎಂದರು. ಮೇಜಿನ ಮೇಲೆ ಒಂದು ಹಾಳೆಯಿತ್ತು. ಆಸ್ಪತ್ರೆಯವರು ವಿಚಾರಿಸಿದ್ದಾರೆ, ಅದಕ್ಕೊಂದು ಉತ್ತರ ಕೊಡಬೇಕು, ಇಲ್ಲಿ ಸಹಿ ಮಾಡಮ್ಮ ಎಂದರು. ಓದಿ ಹೇಳಿ ಎಂದಳು. ಸಂಸ್ಥೆ ನೀಡಿದ ಸಮಯವನ್ನು ರೋಗಿಯ ಮನೆಯವರು ಸರಿಯಾಗಿ ಪಾಲಿಸಲಿಲ್ಲ ಎಂದು ಬರೆದಿತ್ತು.

"ಸರಿಯಾಗಿ ಪಾಲಿಸ್ದೆ ಅಂತ ಬರೀರಿ," ಎಂದಳು ಹುಲ್ಲಕ್ಕ. "ನಿಮಿಷ ತಪ್ಪದೆ ಪಾಲಿಸ್ದೆ. ಅದಕ್ಕೇ ಸತ್ರು ಅಂತ ಬರೀರಿ. ಸಹಿ ಹಾಕ್ತೀನಿ."

ದೊಡ್ಡ ಸಾಹೇಬರು ಕನ್ನಡಕ ತೆಗೆದರು. ಇದು ತಾಂತ್ರಿಕ ವಿಷಯ, ಸಣ್ಣ ವ್ಯತ್ಯಾಸ, ದಿನಕ್ಕೆ ನಾಲ್ಕೇ ನಿಮಿಷ, ನಿಮಗೆ ಅರ್ಥವಾಗುವುದು ಕಷ್ಟ ಎಂದರು.

"ನಾಲ್ಕು ನಿಮಿಷ ಅಂದ್ರೆ ಏನು ಅಂತ ನಂಗೆ ಅರ್ಥ ಆಗತ್ತೆ ಸ್ವಾಮಿ. ಉಸಿರಿಲ್ದೆ ನಾಲ್ಕು ನಿಮಿಷ ಹೆಂಗಿರತ್ತೆ ಅಂತ ನನ್ ಬೆನ್ನಿಗೆ ಗೊತ್ತು."

ಪೆನ್ನನ್ನು ಹಾಳೆಯ ಮೇಲೆ ಅಡ್ಡ ಇಟ್ಟು ಹೊರಗೆ ಬಂದಳು. ಸಾಹೇಬರು ಕೂಗಿದ್ದು ಕೇಳಿಸಿತು, ತಿರುಗಲಿಲ್ಲ. ಆಪರೇಟರ್ ತಲೆಯೆತ್ತಲಿಲ್ಲ.

ಸಾಲುಮನೆಯ ಕೊನೆಯಲ್ಲಿ ಇನ್ನೊಬ್ಬ ಪೇಂಟರ್ ಇದ್ದ. ಉದ್ದವಾಗಿದ್ದುದರಿಂದ ಅವನಿಗೆ ಉದ್ದಣ್ಣ ಎಂದೇ ಹೆಸರು. ಹುಲ್ಲಕ್ಕನ ಗಂಡನ ಕೈಕೆಳಗೆ ಹನ್ನೆರಡು ವರ್ಷ ಬೋಗುಣಿ ಕೆರೆದವನು. ಅವನಿಗೂ ಕೆಮ್ಮು ಹಿಡಿದು ಎರಡು ವರ್ಷವಾಗಿತ್ತು. ಈಗ ಕೂತಲ್ಲೇ ಏದುಸಿರು ಬಿಡುತ್ತಿದ್ದ. ವ್ಯಾನಿಗೆ ಹೆದರಿ ಆಸ್ಪತ್ರೆಗೇ ಹೋಗಿರಲಿಲ್ಲ. ಗಂಡ ಸತ್ತ ಹತ್ತನೇ ದಿನ ಹುಲ್ಲಕ್ಕ ಅವನನ್ನೂ ಅವನ ಹೆಂಡತಿಯನ್ನೂ ಎಬ್ಬಿಸಿಕೊಂಡು ಪಟ್ಟಣಕ್ಕೆ ಹೋದಳು. ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, ಇಲ್ಲೂ ಅದೇ ಪುಡಿ ಎಂದರು. ಮಿಷನ್ನು ವಾಪಸು ತರಬೇಡಿ, ಇವರ ಹೆಸರಿಗೆ ಬರೆದುಕೊಳ್ಳುತ್ತೇನೆ ಎಂದರು. ಅವಳು ಹಿಂತಿರುಗಿ, ಅದನ್ನು ತನ್ನ ಮನೆಯಿಂದ ಬೀದಿಯುದ್ದಕ್ಕೂ ತಳ್ಳಿಕೊಂಡು ಹೋಗಿ ಉದ್ದಣ್ಣನ ಮಂಚದ ಪಕ್ಕ ಇಟ್ಟು, ಸ್ವಿಚ್ಚು ಹಾಕಿದಳು.

ಮಾರನೇ ಬೆಳಿಗ್ಗೆ ಎಂಟಕ್ಕೆ ವ್ಯಾನು ಬಂತು. ಹುಲ್ಲಕ್ಕ ಅಷ್ಟರಲ್ಲಿ ಉದ್ದಣ್ಣನ ಮನೆಯ ಹೊಸ್ತಿಲ ಮೇಲೆ, ಬಾಗಿಲಿಗೆ ಅಡ್ಡಲಾಗಿ, ಕಾಲು ಚಾಚಿ ಕೂತಿದ್ದಳು. ಸದ್ದಿನ ಸಾಹೇಬ ಇಳಿದ. ಕೈಯಲ್ಲಿ ಹೊಸ ಕಾಗದವಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಈ ಸಲ ನಿಮ್ಮ ಟೈಮಿಗೇ ಲೆಕ್ಕ ಹಾಕಿಸಿ ತಂದಿದ್ದೇನೆ, ಪ್ರತಿದಿನದ್ದೂ ಬೇರೆ ಬೇರೆ ಬರೆದಿದೆ, ಇನ್ನು ತಪ್ಪೇ ಆಗುವುದಿಲ್ಲ ಎಂದು ಕಾಗದ ಚಾಚಿದ. ಅವಳು ಕೈ ನೀಡಲಿಲ್ಲ. ಅವನ ಕೈ ಗಾಳಿಯಲ್ಲೇ ಉಳಿಯಿತು.

"ಇದು ನಿಲ್ಲಲ್ಲ," ಎಂದಳು.

ಒಳಗೆ ಮಿಷನ್ನು ಓಡುತ್ತಿತ್ತು. ಸಾಹೇಬ ಮೊದಲು ವಿವರಿಸಿದ, ಆಮೇಲೆ ಬೆದರಿಸಿದ. ಕೆಲಸ ಹೋಗುತ್ತದೆ ಎಂದ. ಹೋಗಲಿ ಎಂದಳು. ದಾಟಿ ಒಳಗೆ ಹೋಗಬೇಕಾಗುತ್ತದೆ ಎಂದ. ತುಳಿದುಕೊಂಡು ಹೋಗು ಎಂದಳು. ಹುಲ್ಲು ಕೊಯ್ಯುವ ಹೆಂಗಸರು ಅಷ್ಟು ಹೊತ್ತಿಗೆ ಗದ್ದಲ ಕೇಳಿ ಬಂದರು. ಕುಡುಗೋಲು ಹುಲ್ಲಿನಲ್ಲೇ ಬಿಟ್ಟು ಬಂದಿದ್ದರು. ಬಂದವರು ಅವಳ ಪಕ್ಕ, ಮೆಟ್ಟಿಲ ಮೇಲೆ, ಮಣ್ಣಿನ ಮೇಲೆ ಕೂತರು. ಅವತ್ತು ಗೊಣಗಿದವಳೂ ಬಂದು ಕೂತಳು.

"ಕಾಫಿ ಮಿಷನ್ನಿನ ಜಾಲರಿ ಕಿತ್ಕೊಂಡು ಬಂದು ಈ ಕೋಣೆಗೆ ಹೊಡೀರಿ," ಎಂದಳು ಹುಲ್ಲಕ್ಕ. "ಅಲ್ಲಿ ತನಕ ನಿಮ್ಮ ನಕ್ಷತ್ರಕ್ಕೆ ಹೇಳಿ, ತಡ್ಕೋಬೇಕು ಅಂತ. ಅದಕ್ಕೇನು, ಅದಕ್ಕೆ ಆಯಸ್ಸಿದೆ."

ಸಾಹೇಬ ವ್ಯಾನಿನಲ್ಲಿ ಹೋಗಿ ಕೂತ. ಬಾಗಿಲು ಹಾಕಿಕೊಂಡ. ತಾಸು ಹೊತ್ತು ಕೂತಿದ್ದ. ಆಮೇಲೆ ವ್ಯಾನು ಹಿಂದಕ್ಕೆ ಸರಿದು, ತಿರುಗಿ, ಬಂದ ದಾರಿಯಲ್ಲೇ ಹೋಯಿತು. ಹೆಂಗಸರಲ್ಲಿ ಯಾರೋ ನಕ್ಕರು. ನಾಳೆ ಮತ್ತೆ ಬರುತ್ತಾರೆ ಎಂದರು ಒಬ್ಬರು, ಬರಲಿ ಎಂದರು ಇನ್ನೊಬ್ಬರು. ಉದ್ದಣ್ಣನ ಹೆಂಡತಿ ಒಳಗಿನಿಂದ ಬಂದು, ಹೋದರು ಅಕ್ಕ, ಏಳಿ, ಇವರು ಮಲಗಿ ನಿದ್ದೆ ಮಾಡ್ತಿದ್ದಾರೆ, ಎರಡು ತಿಂಗಳಾಗಿತ್ತು ಮಲಗಿ ಎಂದಳು.

ಹುಲ್ಲಕ್ಕ ಏಳಲಿಲ್ಲ. ವ್ಯಾನು ಹೋದ ದಾರಿಯನ್ನೇ ನೋಡುತ್ತಿದ್ದಳು. ಹನ್ನೊಂದು ದಿನದಿಂದ ಒಂದು ಹನಿ ಹಾಕದಿದ್ದ ಕಣ್ಣು ತುಂಬಿ ಹರಿಯಿತು. ಉದ್ದಣ್ಣನ ಹೆಂಡತಿ ಗಾಬರಿಯಾಗಿ ಪಕ್ಕದಲ್ಲಿ ಕೂತು, ಯಾಕಕ್ಕ, ಗೆದ್ದೆವಲ್ಲ ಎಂದಳು.

"ಅವತ್ತೂ ನಂಗೆ ಹೊಸ್ತಿಲ ಮೇಲೆ ಕೂರಕ್ಕೆ ಬರ್ತಿತ್ತು ಕಣೇ," ಎಂದಳು ಹುಲ್ಲಕ್ಕ.